ಬೀಡಿ ಕಟ್ಟೆಯ ಐದು ಮೂಗು

ಒಂದು ಕಾವಲು ಗುಳಿಗೆಯ ಬೆಲೆ ಇಪ್ಪತ್ತೆರಡು ಸಾವಿರ ರೂಪಾಯಿ. ಬಡವರಿಗೆ ಸರಕಾರ ಅದನ್ನು ಪುಕ್ಕಟೆ ಕೊಡುತ್ತಿತ್ತು. ಆದರೆ ಒಬ್ಬರಿಗೆ ಹೆಚ್ಚೆಂದರೆ ಎರಡು ಸಲ, ಎರಡನೆಯದಕ್ಕೆ ದೊಡ್ಡ ಡಾಕ್ಟರ ರುಜು ಬೇಕು. ಅದೂ ಸೋತರೆ ಅರ್ಧ ಹೊಟ್ಟೆ ಕೊಯ್ದು ತೆಗೆಯುವ ಆಪರೇಶನ್. ಆಪರೇಶನ್ನೂ ಪುಕ್ಕಟೆಯೇ, ಆದರೆ ಆಮೇಲೆ ಆರು ತಿಂಗಳು ಮನೆಯಲ್ಲಿ ಕೂತು ಉಣ್ಣುವ ಖರ್ಚನ್ನು ಯಾರೂ ಕೊಡುವುದಿಲ್ಲ. ಒಂದು ಬೀಡಿಗೆ ನಾಲ್ಕು ರೂಪಾಯಿ. ಆ ನಾಲ್ಕು ರೂಪಾಯಿಯ ವಸ್ತು ಇಪ್ಪತ್ತೆರಡು ಸಾವಿರದ ವಸ್ತುವನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಮಹಾನಂದಾ ಸಿಸ್ಟರ್ ದಿನಾ ಕಣ್ಣಾರೆ ಕಾಣುತ್ತಿದ್ದಳು.

ಜಿಲ್ಲಾ ಆಸ್ಪತ್ರೆಯ ಹಿಂಬದಿಗೆ, ಹಳೇ ಎಕ್ಸ್‌ರೇ ಕೋಣೆಯನ್ನೇ ಸುಣ್ಣ ಬಳಿದು ಮಾಡಿದ ಕಂಟ್ರೋಲ್ ರೂಮಿನಲ್ಲಿ ಅವಳ ಕುರ್ಚಿ. ಎದುರಿಗೆ ಗೋಡೆಯಷ್ಟಗಲದ ಪರದೆ. ಪರದೆಯ ಮೇಲೆ ಜಿಲ್ಲೆಯ ನೂರಿಪ್ಪತ್ತು ಹೊಟ್ಟೆಗಳು. ಇಪ್ಪತ್ತೊಂದು ವರ್ಷ ಹಳ್ಳಿ ಹಳ್ಳಿ ತಿರುಗಿ ಬಾಣಂತಿಯರನ್ನೂ ಕೂಸುಗಳನ್ನೂ ನೋಡಿಕೊಂಡು ಬಂದ ನರ್ಸಮ್ಮನಿಗೆ ಮೊಣಕಾಲು ನೋವು ಶುರುವಾದಾಗ ಸರಕಾರ ಕೊಟ್ಟ ಕೂತು ಮಾಡುವ ಕೆಲಸ ಇದು.

ಹೊಟ್ಟೆಯ ಗೋಡೆಗೆ ಅಂಟಿಕೊಂಡು ಹುಣ್ಣು ಮಾಡುವ ಬ್ಯಾಕ್ಟೀರಿಯಾಕ್ಕೆ ಡಾಕ್ಟರುಗಳು ಹೆಲಿಕೋಬ್ಯಾಕ್ಟರ್ ಎನ್ನುತ್ತಿದ್ದರು. ಸುರುಳಿ ಸುರುಳಿಯಾಗಿ ಇರುವುದರಿಂದ ಮಂದಿ ಅದಕ್ಕೆ ಸುರುಳಿ ಹುಳ ಎಂದರು. ಮೊದಲು ಎರಡು ವಾರದ ಮಾತ್ರೆಗೆ ಅದು ಸಾಯುತ್ತಿತ್ತು. ನೋವು ನಿಂತ ಕೂಡಲೇ ಮಂದಿ ಮಾತ್ರೆ ಬಿಟ್ಟರು. ಅರ್ಧ ಏಟು ತಿಂದ ಹಾವು ಬಲಿಯುವ ಹಾಗೆ ಹುಳ ಬಲಿಯಿತು; ಮಾತ್ರೆಗಳು ಒಂದೊಂದಾಗಿ ಸೋತವು. ಆಗ ಬಂದದ್ದು ಕಾವಲು ಗುಳಿಗೆ.

ಅವರೆಕಾಳಿನಷ್ಟಿರುವ ಗುಳಿಗೆ. ನುಂಗಿದ ಮೇಲೆ ಹೊಟ್ಟೆಯೊಳಗೆ ಕೊಡೆಯ ಹಾಗೆ ಬಿಚ್ಚಿಕೊಂಡು, ಕೆಳಗೆ ಜಾರದೆ ಹದಿನಾಲ್ಕು ದಿನ ಅಲ್ಲೇ ಕೂಡುತ್ತದೆ. ಅದಕ್ಕೊಂದು ನಾಲಿಗೆ ಇದೆ. ಹೊಟ್ಟೆಯ ಆಮ್ಲ ಎಷ್ಟಿದೆ ಎಂದು ಗಳಿಗೆಗೊಮ್ಮೆ ನೆಕ್ಕಿ ನೋಡುತ್ತದೆ. ಮೊದಲು ಆಮ್ಲ ಇಳಿಸುವ ಮದ್ದು ಬಿಡುತ್ತದೆ. ಆಮ್ಲ ಇಳಿದ ಮೇಲೆ ಮಾತ್ರ ಹುಳ ಕೊಲ್ಲುವ ಮದ್ದಿನ ಬಾಗಿಲು ತೆಗೆಯುತ್ತದೆ. ಯಾಕೆಂದರೆ ಕಡು ಆಮ್ಲದಲ್ಲಿ ಮದ್ದು ಹಾಳಾಗುತ್ತದೆ, ಹುಳವೂ ಮುದುಡಿ ಮಲಗುತ್ತದೆ. ಮಲಗಿದ ಹುಳವನ್ನು ಈ ಮದ್ದು ಕೊಲ್ಲಲಾರದು. ದಿನಕ್ಕೆ ಮೂರು ಸಲ, ಒಟ್ಟು ನಲವತ್ತೆರಡು ಸಲ ಬಾಗಿಲು ತೆಗೆಯಬೇಕು. ಹೊಗೆ ಸೇದಿದರೆ ಆಮ್ಲ ಇಳಿಯುವುದಿಲ್ಲ, ಹೊಟ್ಟೆಯ ಗೋಡೆಗೆ ರಕ್ತ ಹರಿಯುವುದೂ ತಗ್ಗುತ್ತದೆ, ಬಾಗಿಲು ಮುಚ್ಚಿಯೇ ಇರುತ್ತದೆ. ತಂಬಾಕಿನ ಸತ್ವ ರಕ್ತದಿಂದ ಹೊಟ್ಟೆಯ ರಸಕ್ಕೆ ಇಳಿಯುವುದನ್ನೂ ಆ ನಾಲಿಗೆ ಹಿಡಿಯುತ್ತದೆ. ಪರದೆಯ ಮೇಲೆ ಒಂದು ಕರಿ ಚುಕ್ಕೆ ಬೀಳುತ್ತದೆ. ಹದಿಮೂರನೆಯ ಸಲ ಬಾಗಿಲು ತಪ್ಪಿದರೆ ಗುಳಿಗೆ ತಾನೇ ಮಡಚಿಕೊಂಡು ಹೊರಗೆ ಹೋಗುತ್ತದೆ. ಅರೆಬರೆ ಮದ್ದು ಕೊಟ್ಟು ಹುಳವನ್ನು ಇನ್ನಷ್ಟು ಬಲಿಸುವುದಕ್ಕಿಂತ ಅದೇ ವಾಸಿ ಎಂದು ಮಾಡಿದವರು ಲೆಕ್ಕ ಹಾಕಿದ್ದರು.

ಗುಳಿಗೆ ಹೊರಬಿದ್ದವರ ಹೆಸರಿನ ಮುಂದೆ ಮಹಾನಂದಾ ಒಂದು ಗುಂಡಿ ಒತ್ತಬೇಕು. ಗುಂಡಿಗಳು ಎರಡೇ: 'ಬೇರೆ ಕಾರಣ', 'ಚಟ ಬಿಡದವರು'. ಎರಡನೆಯದನ್ನು ಒತ್ತಿದರೆ ಆ ಮನುಷ್ಯನಿಗೆ ಮತ್ತೊಂದು ಗುಳಿಗೆ ಸಿಗುವುದಿಲ್ಲ. ಮೂರು ವರ್ಷದಲ್ಲಿ ಅವಳ ಬೆರಳಿಗೆ ಆ ಗುಂಡಿ ರೂಢಿಯಾಗಿಬಿಟ್ಟಿತ್ತು.

ಕೆಂಗನಹಟ್ಟಿಯ ಮೆಣಸಿನಕಾಯಿ ಪೇಟೆಯಿಂದ ದ್ಯಾಮಪ್ಪ ಬಂದದ್ದು ಫೆಬ್ರುವರಿಯಲ್ಲಿ, ಕಾಯಿ ಪೇಟೆಗೆ ಗುಡ್ಡೆಗಟ್ಟಲೆ ಬಂದು ಬೀಳುವ ಕಾಲ. ನಲವತ್ತಾರರ ಹಮಾಲ. ಎಡಭುಜ ಬಲಭುಜಕ್ಕಿಂತ ಎರಡು ಬೆರಳು ತಗ್ಗು. ಹಿಂದಿನ ವಾರ ಚೀಲ ಹೊತ್ತಲ್ಲೇ ರಕ್ತ ಕಾರಿಕೊಂಡಿದ್ದ. ಜೊತೆಗೆ ಹೆಂಡತಿ ಕಲ್ಲವ್ವ. ಗಂಡ ಮಾತಾಡುವುದಕ್ಕೆ ಮೊದಲೇ ತಾನು ಮಾತಾಡುವ ಹೆಂಗಸು.

"ಮೆಣಸಿನಕಾಯಿ ಹೊತ್ತು ಹೊತ್ತು ಹೊಟ್ಟಿ ಸುಟ್ಟೈತ್ರಿ ಅಕ್ಕಾರ. ಮನ್ಯಾಗ ಖಾರ ಹಾಕೂದ ಬಿಟ್ಟೀನಿ. ಬರೇ ಸಪ್ಪನ್ ಬ್ಯಾಳಿ, ರೊಟ್ಟಿ."

"ಖಾರ ಅಲ್ಲವ್ವ, ಹುಳ," ಎಂದಳು ಮಹಾನಂದಾ. "ಏನಪಾ ದ್ಯಾಮಪ್ಪ, ಬೀಡಿ?"

ಅವನು ನೆಲ ನೋಡಿದ. "ಸೇದತೀನ್ರಿ. ಬಿಡತೀನ್ರಿ."

"ಎಲ್ಲಾರೂ ಹಿಂಗ ಅಂತಾರ."

"ಮೈಲಾರಲಿಂಗನ ಆಣಿ ಮಾಡಿಸಿ ಬಿಡ್ರಿ ಅಕ್ಕಾರ," ಎಂದಳು ಕಲ್ಲವ್ವ.

"ಆಣಿ ಬ್ಯಾಡ. ಹೊಟ್ಯಾಗ ನಾನ ಕುಂತಿರತೀನಿ, ನನಗ ಗೊತ್ತಾಗತೈತಿ."

ದ್ಯಾಮಪ್ಪ ಗುಳಿಗೆಯನ್ನು ಅಂಗೈ ಮೇಲೆ ಇಟ್ಟುಕೊಂಡು ತಿರುಗಿಸಿ ನೋಡಿದ. "ಇದು ಸೋತ್ರ?"

ದೊಡ್ಡ ಡಾಕ್ಟರು ಪ್ರಫುಲ್ಲಾ ಪಕ್ಕದಲ್ಲೇ ಇದ್ದರು. ವಯಸ್ಸು ಸಣ್ಣದು, ಮಾತು ನೇರ. "ಸೋತರೆ ಅರ್ಧ ಹೊಟ್ಟೆ ತೆಗೀಬೇಕಾಗುತ್ತೆ. ಬದುಕ್ತೀರಿ. ಆದರೆ ಒಂದು ಹೊತ್ತಿಗೆ ಅರ್ಧ ರೊಟ್ಟಿ. ಚೀಲ ಹೊರೋದು ಮರೀಬೇಕು."

"ಅರ್ಧ ರೊಟ್ಟಿ ತಿಂದು ಬದುಕಿದ್ದು ಯಾರ ಉಪಯೋಗಕ್ಕ ಡಾಕ್ಟರ?" ಎಂದು ದ್ಯಾಮಪ್ಪ ಗುಳಿಗೆ ನುಂಗಿದ. ಗುಳಿಗೆಯ ಸುದ್ದಿ ಹಿಡಿದು ಕಳಿಸುವ ಪಟ್ಟಿಯನ್ನು ಅವನ ಹೊಟ್ಟೆಗೆ ಕಟ್ಟಿದರು. ಪರದೆಯ ಮೇಲೆ ನೂರಾ ಇಪ್ಪತ್ತೊಂದನೆಯ ಹೊಟ್ಟೆ ಮೂಡಿತು.

ಮೊದಲ ದಿನ ಶನಿವಾರ. ಮೂರು ಬಾಗಿಲೂ ಹಸಿರು. ಭಾನುವಾರವೂ ಮೂರು ಹಸಿರು. ಡಾಕ್ಟರು ಬೀಡಿಯ ಹಂಬಲ ತಡೆಯಲಿಕ್ಕೆ ಬಡೇಸೋಪು, ಎಂದರೆ ಸೋಂಪುಕಾಳು, ಜಗಿಯಲು ಹೇಳಿದ್ದರು. ಜಗಿಯುತ್ತಿರಬೇಕು ಎಂದುಕೊಂಡಳು ಮಹಾನಂದಾ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕರಿ ಚುಕ್ಕೆ. ಹನ್ನೆರಡೂವರೆಗೆ ಮತ್ತೊಂದು. ಮೂರಕ್ಕೆ, ಐದಕ್ಕೆ. ಹಗಲಿನ ಎರಡು ಬಾಗಿಲೂ ತಪ್ಪಿದವು. ರಾತ್ರಿಯದೊಂದು ಮಾತ್ರ ತೆರೆಯಿತು.

ಫೋನ್ ಮಾಡಿದಳು. "ಯಾಕಪಾ, ಆಣಿ ಮಾಡಿಸಬೇಕಿತ್ತೇನ?"

ಆ ಕಡೆಯಿಂದ ಪೇಟೆಯ ಗದ್ದಲ, ಕೆಮ್ಮು, ಯಾರೋ ಹರಾಜು ಕೂಗುವ ದನಿ. "ಇವತ್ತ ಪೇಟಿ ದಿನಾರಿ ಅಕ್ಕಾರ..."

"ಪೇಟಿ ದಿನಾ ಆದ್ರ ಹುಳಕ್ಕ ಸೂಟಿ ಕೊಟ್ಟಾರೇನ?"

"ನಾಳಿಂದ ಸೇದಂಗಿಲ್ರಿ."

ಮರುದಿನವೂ ಸೇದಿದ. ಬೈದರೂ, ಕಾರಣ ಕೇಳಿದರೂ "ತಪ್ಪಾತ್ರಿ" ಎನ್ನುತ್ತಿದ್ದ. ಹಮಾಲರದು ಹೀಗೆಯೇ, ಬಾಯಿ ಬಿಟ್ಟು ಹೇಳುವುದಿಲ್ಲ. ಎಂಟನೆಯ ದಿನಕ್ಕೆ ಹನ್ನೆರಡು ಬಾಗಿಲು ತಪ್ಪಿದ್ದವು. ಒಂಬತ್ತನೆಯ ದಿನ ಭಾನುವಾರ, ಮೂರೂ ಹಸಿರು. ಹತ್ತನೆಯ ದಿನ ಸೋಮವಾರ ಹತ್ತೂವರೆಗೆ ಕರಿ ಚುಕ್ಕೆ ಬಿತ್ತು. ಹದಿಮೂರನೆಯ ಬಾಗಿಲೂ ತಪ್ಪಿ ಗುಳಿಗೆ ಕೊಡೆ ಮಡಚಿತು. ಪರದೆಯ ಮೇಲೆ ದ್ಯಾಮಪ್ಪನ ಹೊಟ್ಟೆ ಬೂದಿ ಬಣ್ಣಕ್ಕೆ ತಿರುಗಿ, ಕೆಳಗೆ ಎರಡು ಗುಂಡಿ ಮೂಡಿದವು.

ಮಹಾನಂದಾಳ ಬೆರಳು ಎರಡನೆಯ ಗುಂಡಿಯ ಹತ್ತಿರ ಹೋಗಿತ್ತು. ಅಷ್ಟರಲ್ಲಿ ಮೇಲಿನ ಗಡಿಯಾರ ನಾಲ್ಕು ಹೊಡೆಯಿತು, ಚಹಾದ ಹೊತ್ತಾಯಿತು. ಬಂದು ಒತ್ತಿದರಾಯಿತು ಎಂದು ಎದ್ದಳು. ಕ್ಯಾಂಟೀನಿನಲ್ಲಿ ಕೂತು ಚಹಾ ಕುಡಿದು ಬಂದಾಗ ಇನ್ನೊಂದು ಹೊಟ್ಟೆಯ ಫೋನು ಬಂತು. ದ್ಯಾಮಪ್ಪ ನಾಳೆಗೆ ಉಳಿದ.

ಸಂಜೆ ಮನೆಯಲ್ಲಿ ಗಂಡ ಶಿವಪುತ್ರಪ್ಪ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಮಹಾನಂದಾ ಅವನೊಬ್ಬನಿಗೇ ಚಹಾ ಮಾಡಿ ಇಟ್ಟಳು.

"ನೀ ಕುಡಿಯಂಗಿಲ್ಲ?"

"ನನಗ್ಯಾವಾಗ ಚಹಾ ಸೇರೇತಿ? ಹೊಟ್ಟಿ ಉರೀತೈತಿ."

ಶಿವಪುತ್ರಪ್ಪ ಕನ್ನಡಕದ ಮೇಲಿಂದ ನೋಡಿ ನಕ್ಕ. "ಮನ್ಯಾಗ ಚಹಾ ಮುಟ್ಟಂಗಿಲ್ಲ, ಆಫೀಸಿನ್ಯಾಗ ದಿನಾ ಮೂರ್ ಕಪ್ಪು. ಕ್ಯಾಂಟೀನ್ ಬಸಣ್ಣ ಮೊನ್ನೆ ಹೇಳ್ದ, ನಿಮ್ಮ ಮನಿಯವ್ರಿಗೆ ಚಹಾ ಅಂದ್ರ ಭಾಳ ಪ್ರೀತಿ ಅಂತ."

"ಚಹಾದ ಮ್ಯಾಲೆ ಯಾರಿಗೆ ಪ್ರೀತಿ? ಆ ಪರದಿ ಮುಂದಿಂದ ಏಳಾಕ ಬಿಡೂದಿಲ್ಲ. ಸುಮ್ಮ ಎದ್ರ ಎಲ್ಲಿ ಹೋದ್ರಿ ಅಂತ ಕೇಳ್ತಾರ. ಚಹಾ ಅಂದ್ರ ಯಾರೂ ಕೇಳೂದಿಲ್ಲ. ಮೊಣಕಾಲಿಗೆ ಹತ್ತು ಮಿನಿಟ..."

ಮಾತು ಅಲ್ಲಿಗೇ ನಿಂತಿತು. ಶಿವಪುತ್ರಪ್ಪ ಸೂಜಿಗೆ ದಾರ ಪೋಣಿಸುತ್ತ ಕಾದ. ಅವಳ ತಲೆಯೊಳಗೆ ದ್ಯಾಮಪ್ಪನ ಹತ್ತೂವರೆಯ ಚುಕ್ಕೆ ಹೊಕ್ಕಿತ್ತು.

ಮರುದಿನ ಬೆಳಿಗ್ಗೆ ದ್ಯಾಮಪ್ಪನ ಹತ್ತು ದಿನದ ಚುಕ್ಕೆಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡಳು. ಚಟದವರ ಚುಕ್ಕೆ ಅವಳಿಗೆ ಗೊತ್ತಿತ್ತು: ಎದ್ದ ಕೂಡಲೇ ಒಂದು, ಉಂಡ ಮೇಲೆ ಒಂದು, ಮಲಗುವ ಮುಂಚೆ ಒಂದು. ಇವನದು ಹಾಗಿಲ್ಲ. ಬೆಳಿಗ್ಗೆ ಇಲ್ಲ, ಉಂಡ ಮೇಲೆ ಇಲ್ಲ, ಮಲಗುವಾಗ ಇಲ್ಲ. ಭಾನುವಾರ ಇಲ್ಲವೇ ಇಲ್ಲ. ಹತ್ತೂವರೆ, ಹನ್ನೆರಡೂವರೆ, ಮೂರು, ಐದು. ಶಾಲೆಯ ಗಂಟೆ ಹೊಡೆದ ಹಾಗೆ.

ಡಾಕ್ಟರಿಗೆ ಹೇಳಿ, ಅರ್ಧ ದಿನ ರಜೆ ಹಾಕಿ ಕೆಂಗನಹಟ್ಟಿಯ ಬಸ್ಸು ಹತ್ತಿದಳು.

ಪೇಟೆ ಒಳಗೆ ಹೋಗುವಷ್ಟರಲ್ಲೇ ಮೂರು ಸಲ ಸೀನಿದಳು. ಅಂಗಳದ ತುಂಬ ಕೆಂಪು ಚೀಲಗಳು, ಕೆಂಪು ಧೂಳು, ಮೂಗಿಗೆ ವಸ್ತ್ರ ಕಟ್ಟಿದ ಮಂದಿ. ಪ್ರತಿ ಹಮಾಲನ ಭುಜದ ಮೇಲೂ ಒಂದು ಬಿಲ್ಲೆ. ಮೊದಲು ಹಿತ್ತಾಳೆಯದಿತ್ತು, ಈಗ ಯಂತ್ರದ್ದು. ಎಷ್ಟು ಚೀಲ ಹೊತ್ತ, ಎಷ್ಟು ಹೊತ್ತು ನಿಂತ ಎಂಬುದನ್ನೆಲ್ಲ ಅದು ಎಣಿಸುತ್ತದೆ. ನಿಂತದ್ದು ಹೆಚ್ಚಾದರೆ ಕೆಂಪು ಗೆರೆ. ದಿನಕ್ಕೆ ಮೂರು ಕೆಂಪು ಗೆರೆ ಬಿದ್ದರೆ ಮರುದಿನ ಪಾಳಿಯಲ್ಲಿ ಕೊನೆಗೆ. ಕೊನೆಯವನಿಗೆ ಚೀಲ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಅಂಗಳದ ಮೂಲೆಯಲ್ಲಿ, ಚೀಲಗಳಿಂದ ದೂರ, ಒಂದು ಕಟ್ಟೆ. ಕಟ್ಟೆಯ ಮೇಲೆ ಕೂಡಲಿಕ್ಕೆ ಐದು ಕಲ್ಲು. ಪ್ರತಿ ಕಲ್ಲಿನ ತಲೆಯ ಮೇಲೆ ಬಾಗಿದ ಒಂದೊಂದು ಕೊಳವೆ. ನಾಲ್ಕು ಕಲ್ಲಿನ ಮೇಲೆ ನಾಲ್ಕು ಜನ ಕೂತು ಬೀಡಿ ಸೇದುತ್ತಿದ್ದರು. ಅವರಲ್ಲಿ ದ್ಯಾಮಪ್ಪನೂ ಇದ್ದ. ಅವಳನ್ನು ಕಂಡವನೇ ಬೀಡಿಯನ್ನು ಬೆನ್ನ ಹಿಂದೆ ಒಯ್ದ.

"ಬೆನ್ನಿಗೆ ಯಾಕ ಸೇದಸ್ತಿ? ಬಾಯಾಗ ಸೇದು, ನಾ ಬಯ್ಯಾಕ ಬಂದಿಲ್ಲ," ಎಂದಳು ಮಹಾನಂದಾ. "ಮನ್ಯಾಗ ಸೇದಂಗಿಲ್ಲ, ಐತವಾರ ಸೇದಂಗಿಲ್ಲ. ಇಲ್ಲಿ ಬಂದು ಯಾಕ ಸೇದತಿ? ಖರೇ ಹೇಳು."

ದ್ಯಾಮಪ್ಪ ತಲೆಯ ಮೇಲಿನ ಕೊಳವೆ ನೋಡಿದ. ಪಕ್ಕದ ಕಲ್ಲಿನ ಮುದುಕ ನಕ್ಕ. ಪೀಪಾಯಿಯಂಥ ಎದೆ, ಮೆಹಂದಿ ಹಚ್ಚಿದ ಗಡ್ಡ. ಹಮಾಲರ ಮುಖಂಡ, ಮುಕಾದಮ ಇಮಾಮಸಾಬ. "ಅಂವ ಏನ ಹೇಳ್ತಾನ್ರಿ ಬಾಯಾರ. ಆ ಮೂಗು ನೋಡ್ರಿ ಮ್ಯಾಲೆ."

"ಇದೇನದು?"

"ಹೊಗಿ ಮೂಸತೈತಿ. ಹೊಗಿ ಬರೂತನಾ ನಮ್ಮ ಬಿಲ್ಲಿ ಸುಮ್ಮನಿರತೈತಿ. ಹೊಗಿ ನಿಂತು ಒಂದು ಮಿನಿಟಾತಂದ್ರ ಎಣಸಾಕ ಸುರು."

ಇಮಾಮಸಾಬನ ಅಜ್ಜನ ಕಾಲದಲ್ಲಿ ಹಮಾಲರು ಒಂಬತ್ತು ದಿನ ಚೀಲ ಮುಟ್ಟದೆ ಕೂತು ಗೆದ್ದ ಕರಾರು ಅದು. 'ಬೀಡಿ ಸೇದುವ ಹೊತ್ತನ್ನು ಕೆಲಸದ ಹೊತ್ತೆಂದೇ ಹಿಡಿಯತಕ್ಕದ್ದು' ಎಂದು ಕಾಗದದ ಮೇಲೆ ಬರೆಸಿದ್ದರು. ಆಗ ಸೇದದ ಹಮಾಲನೇ ಇರಲಿಲ್ಲವಾದ್ದರಿಂದ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಯಂತ್ರದ ಬಿಲ್ಲೆ ಬಂದಾಗ ಹಮಾಲರು ಆ ಕರಾರಿನ ಒಂದು ಅಕ್ಷರವನ್ನೂ ಬಿಡಲೊಲ್ಲೆವೆಂದು ಹಟ ಹಿಡಿದರು. ಯಂತ್ರ ಮಾಡಿದವರು ಬೇಸತ್ತು, ಅಕ್ಷರ ಬಿಡದೆ ಅದನ್ನೇ ಯಂತ್ರಕ್ಕೆ ಹಾಕಿಕೊಟ್ಟರು. ಬೀಡಿ ಸೇದಿದರೆ ವಿಶ್ರಾಂತಿ. ಸೇದದೆ ಕೂತರೆ ಮೈಗಳ್ಳತನ.

"ಅಂದ್ರ ಸೊಂಟಕ್ಕ ಸೇದತಿ," ಎಂದಳು ಮಹಾನಂದಾ.

ದ್ಯಾಮಪ್ಪ ಈಗ ಬಾಯಿ ಬಿಟ್ಟ. "ಚಟ ಇಲ್ಲಂತಲ್ರಿ ಅಕ್ಕಾರ. ಐತಿ. ಐತವಾರ ಕೈ ನಡಗತಾವು. ಆದ್ರ ಚಟ ತಡಕೋಬಹುದು, ಸೊಂಟ ತಡಿಯಂಗಿಲ್ಲ. ನಲವತ್ತು ಚೀಲ ಆದಮ್ಯಾಲೆ ಒಂದು ಬೀಡಿ ಹೊತ್ತು ಕೂಡಲಿಲ್ಲಂದ್ರ ಮುಂದಿನ ಚೀಲದಾಗ ಬೀಳತೀನಿ."

"ಹಚ್ಚಿ ಕೈಯಾಗ ಹಿಡಕೊಂಡು ಕೂಡು. ಎಳೀಬ್ಯಾಡ."

ನಾಲ್ವರೂ ಒಟ್ಟಿಗೆ ನಕ್ಕರು. ಇಮಾಮಸಾಬ ತನ್ನ ಬೀಡಿಯನ್ನು ಅವಳ ಮುಂದೆ ಹಿಡಿದ. ತುದಿಯ ಕೆಂಡ ಕಣ್ಣು ಪಿಳುಕಿಸಿತು, ಬೂದಿಯಾಯಿತು, ಆರಿತು. "ಸಿಗರೇಟ ತನ್ನಷ್ಟಕ್ಕ ತಾನ ಉರೀತೈತ್ರಿ, ಸಾಹುಕಾರ ಇದ್ದಂಗ. ಬೀಡಿ ನಮ್ಮಂಗ. ದುಡಸಲಿಲ್ಲಂದ್ರ ಸಾಯತೈತಿ."

ಮಹಾನಂದಾ ಖಾಲಿಯಿದ್ದ ಐದನೆಯ ಕಲ್ಲಿನ ಮೇಲೆ ಕೂಡಲು ಹೋದಳು. ಇಮಾಮಸಾಬ ಕೈ ಅಡ್ಡ ಮಾಡಿದ. "ಅದು ಬ್ಯಾಡ್ರಿ, ನನ್ನ ಕಲ್ಲಿಗೆ ಬರ್ರಿ. ಅದು ಮೌಲಾಲೀದು."

"ಎಲ್ಲಿ ಹೋಗ್ಯಾನ?"

"ಹ್ವಾದ ವರ್ಷ ದೀಪಾವಳಿ ಮುಂದ ಹುಣ್ಣು ಒಡದು ಹ್ವಾದ. ನನ್ನ ತಂಗೀ ಗಂಡ. ಅವಗೂ ನಿಮ್ಮ ಗುಳಗಿ ಕೊಟ್ಟಿದ್ರಿ." ಅವನ ದನಿಯಲ್ಲಿ ದೂರು ಇರಲಿಲ್ಲ, ಮಳೆ ಬಂತು ಎಂದ ಹಾಗೆ ಹೇಳಿದ. "ಎರಡನೇದಕ್ಕ ಹೋದ್ರ ಹೆಸರಿಲ್ಲ ಅಂದ್ರಂತ."

ಮಹಾನಂದಾ ಕೂಡಲಿಲ್ಲ. ಆ ಹೆಸರು ಅವಳಿಗೆ ನೆನಪಿತ್ತು. ಮುಖ ನೆನಪಾಗಲಿಲ್ಲ. ಗುಂಡಿ ಒತ್ತಿದ ದಿನ ಮಧ್ಯಾಹ್ನ ಊಟಕ್ಕೆ ಏನು ತಂದಿದ್ದೆ ಎಂಬುದು ಕೂಡ ನೆನಪಾಗಲಿಲ್ಲ, ಅಷ್ಟು ಸಾಮಾನ್ಯ ದಿನವಾಗಿತ್ತು ಅದು.

ಎದುರಿನ ದಲಾಲರ ಅಡತಿ ಅಂಗಡಿಯ ಕಡೆ ಮುಖ ತಿರುಗಿಸಿದಳು. ಒಳಗೆ ತಕ್ಕಡಿಗೆ ತೂಕ ಶುರುಮಾಡುವ ಮುಂಚೆ ಆಗಷ್ಟೇ ಮಾಡಿದ ಪೂಜೆ. ಕುಂಕುಮ, ಎರಡು ಸೇವಂತಿಗೆ, ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ. ಹೊಗೆ ಎಳೆಯುವವರಿಲ್ಲದೆ ತಾನೇ ತಣ್ಣಗೆ ಏಳುತ್ತಿತ್ತು.

ಅವಳು ಎಷ್ಟು ಹೊತ್ತು ಅದನ್ನು ನೋಡಿದಳೋ, ಇಮಾಮಸಾಬನೂ ಅಷ್ಟೇ ಹೊತ್ತು ನೋಡಿದ.

"ಬಾಯಾರ," ಎಂದ ನಿಧಾನಕ್ಕೆ, "ಆ ಮೂಗಿಗೆ ಯಾ ಹೊಗಿ ಅಂತ ಗೊತ್ತಾಗತೈತೇನ?"

"ಅದನ್ನ ನೀವ ಹೇಳಬೇಕು."

ದರ್ಗಾದ ಮುಂದಿನ ಅಂಗಡಿಯಿಂದ ಒಂದು ಕಟ್ಟು ಊದುಬತ್ತಿ ಬಂತು. ದ್ಯಾಮಪ್ಪನ ಕಲ್ಲಿನ ಸಂದಿಗೆ ಒಂದನ್ನು ಚುಚ್ಚಿ ಹಚ್ಚಿದರು. ಕೊಳವೆ ಮೂಸಿತು. ಬಿಲ್ಲೆಯ ಮೇಲೆ ಹಸಿರು ಬಂತು, ಹಸಿರಾಗಿಯೇ ಉಳಿಯಿತು. ಹಮಾಲರು ಕೂಗಿದ ಕೂಗಿಗೆ ಹರಾಜಿನವನು ಲೆಕ್ಕ ತಪ್ಪಿ ಮೊದಲಿಂದ ಶುರುಮಾಡಿದ.

ಆಸ್ಪತ್ರೆಯಲ್ಲಿ ಕೆಲಸ ಅಷ್ಟು ಸುಲಭಕ್ಕೆ ಆಗಲಿಲ್ಲ.

"ಸಿಸ್ಟರ್, ನಿಯಮ ಗೊತ್ತಲ್ಲ," ಎಂದರು ಡಾಕ್ಟರ್ ಪ್ರಫುಲ್ಲಾ. "ಸೇದೋರಿಗೆ ಎರಡನೇದು ಕೊಟ್ಟರೆ ಅದೂ ವೇಸ್ಟ್. ಹುಳ ಇನ್ನೂ ಬಲಿಯುತ್ತೆ. ನಾಳೆ ಅವನ ಹೆಂಡತಿಗೆ ಬಂದರೆ ಏನು ಕೊಡ್ತೀರಿ?"

ಮಹಾನಂದಾ ಹಾಳೆ ಬಿಚ್ಚಿ ಮೇಜಿನ ಮೇಲೆ ಇಟ್ಟಳು. "ಇದನ್ನ ನೋಡ್ರಿ ಡಾಕ್ಟರ. ಐತವಾರ ಒಂದೂ ಚುಕ್ಕಿ ಇಲ್ಲ. ಚಟ ಐತವಾರ ಸೂಟಿ ತಗೋತೈತೇನ್ರಿ? ನಾವು ಚಟ ಅಂತ ಬರಕೊಂಡ್ವಿ. ಅದು ಪಾಳಿ." ಬೀಡಿ ಕಟ್ಟೆಯ ಸಂಗತಿ ಹೇಳಿದಳು.

ಡಾಕ್ಟರು ಹಾಳೆಯ ಭಾನುವಾರದ ಸಾಲಿನ ಮೇಲೆ ಬೆರಳು ಎಳೆದರು. "ಒಂದು ಯಂತ್ರ ಹೊಗೆ ಬೇಕು ಅನ್ನುತ್ತೆ, ಇನ್ನೊಂದು ಬೇಡ ಅನ್ನುತ್ತೆ. ನಡುವೆ ಇವನು." ರುಜು ಹಾಕಿದರು. "ಇದೇ ಕೊನೇದು ಅಂತ ಹೇಳಿ. ಆ ಬೇರೆಯವರ ಹೊಗೆಯಿಂದ ದೂರ ಕೂಡಲಿ."

ಎರಡನೆಯ ಗುಳಿಗೆ ನುಂಗುವ ಮುಂಚೆ ಒಂದು ತಿಂಗಳು ಕಾಯಿಸಿದರು. ಆ ತಿಂಗಳು ದ್ಯಾಮಪ್ಪ ಬೀಡಿ ಇಲ್ಲದೆ ಇರುವುದನ್ನು ಕಲಿಯಬೇಕಿತ್ತು. ಕಲಿತದ್ದು ಅವನೊಬ್ಬನೇ ಅಲ್ಲ. ಕಲ್ಲವ್ವ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು.

"ಅಕ್ಕಾರ, ಇವ್ರಿಗೆ ಬೀಡಿ ಬಿಡಸಿದ್ರಿ, ನನಗ ನೆಮ್ಮದಿ ಬಿಡಸಿದ್ರಿ. ರೊಟ್ಟಿ ದಪ್ಪಾದ್ರ ಜಗಳ, ತೆಳ್ಳಗಾದ್ರ ಜಗಳ. ನಿನ್ನೆ ಬೆಕ್ಕಿಗೆ ಬಯ್ಯಾಕತ್ತಿದ್ರು."

"ಬೆಕ್ಕು ತಿರುಗಿ ಬೈತೇನ?"

"ಅದು ಶಾಣ್ಯಾ ಐತ್ರಿ, ಎದ್ದು ಹೋತು. ನಾ ಎಲ್ಲಿ ಹೋಗಲಿ?"

"ಬಡೇಸೋಪು ನೀನೂ ಜಗಿ. ಬಾಯಿ ತುಂಬಿರತೈತಿ, ತಿರುಗಿ ಮಾತಾಡಾಕ ಬರಂಗಿಲ್ಲ."

ಕಲ್ಲವ್ವ ನಕ್ಕು ಫೋನ್ ಇಟ್ಟಳು.

ಪೇಟೆಯಲ್ಲೂ ಒಂದು ಎಡವಟ್ಟಾಯಿತು. ಮೊದಮೊದಲ ಉತ್ಸಾಹಕ್ಕೆ ಕಟ್ಟೆಯ ನಾಲ್ವರೂ ಇಡೀ ಊದುಬತ್ತಿ ಹಚ್ಚಿಕೊಂಡು ಕೂತರು. ಒಂದು ಊದುಬತ್ತಿ ನಲವತ್ತು ಮಿನಿಟು ಉರಿಯುತ್ತದೆ. ಮೂರನೆಯ ದಿನ ಪೇಟೆಯ ಮ್ಯಾನೇಜರು ಹಾಳೆ ಹಿಡಿದುಕೊಂಡು ಬಂದ.

"ಏನ್ರೋ ಇದು, ನಲವತ್ತು ಮಿನಿಟಿನ ಬೀಡಿ? ಬೀಡಿ ಸೇದತೀರೋ, ಕಾಮಣ್ಣನ್ನ ಸುಡತೀರೋ?"

ಇಮಾಮಸಾಬ ಎದ್ದು ನಿಂತ. "ಹೊಗಿ ಇರೂತನಾ ಅಂತ ಯಂತ್ರಾನ ಹೇಳತೈತಿ ಸರ. ಯಂತ್ರಕ್ಕ ಬ್ಯಾಡಂದ್ರ ಕರಾರ ಹರೀರಿ, ಒಂಬತ್ತು ದಿನಾ ಕೂಡತೀವಿ. ನಮ್ಮ ಅಜ್ಜ ಕುಂತಿದ್ದ."

ಕಾಯಿ ಗುಡ್ಡೆ ಬಿದ್ದ ಕಾಲ, ಒಂಬತ್ತು ದಿನವಲ್ಲ ಒಂಬತ್ತು ತಾಸು ನಿಂತರೂ ಪೇಟೆ ಮುಳುಗುತ್ತಿತ್ತು. ಕೊನೆಗೆ ಮ್ಯಾನೇಜರು ಕುರ್ಚಿ ಹಾಕಿಕೊಂಡು ಕೂತ. ಒಂದು ಬೀಡಿಯನ್ನೂ ಒಂದು ಊದುಬತ್ತಿಯನ್ನೂ ಒಟ್ಟಿಗೆ ಹಚ್ಚಿದರು. ಇಮಾಮಸಾಬ ಬೀಡಿಯನ್ನು ಎಷ್ಟು ನಿಧಾನವಾಗಿ ಸೇದಬಹುದೋ ಅಷ್ಟು ನಿಧಾನವಾಗಿ ಸೇದಿದ; ಅವನ ಜೀವಮಾನದಲ್ಲೇ ಅಷ್ಟು ಉದ್ದದ ಬೀಡಿ ಸೇದಿರಲಿಲ್ಲ. ಬೀಡಿ ಮುಗಿದಾಗ ಊದುಬತ್ತಿ ಎರಡು ಬೆರಳು ಉರಿದಿತ್ತು. ಎರಡು ಬೆರಳಿಗೆ ಕರಾರಾಯಿತು. ಸೇದುವವರು ಆ ತುದಿಯ ಕಲ್ಲಿಗೆ, ಸೇದದವರು ಗಾಳಿ ಬರುವ ಈ ತುದಿಗೆ.

ಎರಡನೆಯ ಗುಳಿಗೆಯ ಹದಿನಾಲ್ಕು ದಿನ ಮಹಾನಂದಾ ಚಹಾಕ್ಕೆ ಎದ್ದದ್ದೂ ಕಡಿಮೆ. ಸೋಮವಾರ ಹತ್ತೂವರೆಗೆ ಪರದೆ ನೋಡಿದಳು. ಚುಕ್ಕೆ ಇಲ್ಲ. ಹನ್ನೆರಡೂವರೆಗೆ ಇಲ್ಲ. ಮಧ್ಯಾಹ್ನದ ಬಾಗಿಲು ಹಸಿರಾಗಿ ತೆರೆಯಿತು. ಗುರುವಾರ ಪೇಟೆಯ ದಿನವೂ ತೆರೆಯಿತು.

ಕರಿ ಚುಕ್ಕೆ ಬಿದ್ದದ್ದು ಯಾರೂ ನೆನೆಸದ ದಿನ, ಭಾನುವಾರ ಮಧ್ಯಾಹ್ನ. ಫೋನಿಗೆ ಕೈ ಹಾಕುವಷ್ಟರಲ್ಲಿ ಫೋನೇ ಬಂತು.

"ಅಕ್ಕಾರ, ದ್ಯಾಮಪ್ಪ. ಒಂದು ಸೇದಿದೆ. ಇದು ಸೊಂಟಕ್ಕಲ್ಲ, ಚಟಕ್ಕ. ಮನ್ಯಾಗ ಜಗಳಾತು. ನಿಮಗ ಗೊತ್ತಾಗೂಕಿಂತ ಮೊದಲ ನಾನ ಹೇಳೂಣಂತ..."

ಮಹಾನಂದಾ ಬೈಯಬೇಕೆಂದಿದ್ದವಳು ಬೈಯಲಿಲ್ಲ. "ಹೇಳಿದೆಲ್ಲ, ಚಲೋ ಆತು. ಒಂದು ಬಾಗಲಾ ಹೋತು, ಇನ್ನೂ ಅದಾವು. ಕಲ್ಲವ್ವಗ ಕೊಡು ಫೋನ." ಕಲ್ಲವ್ವನಿಗೆ ಹೇಳಿದಳು: "ಇನ್ನ ಎಂಟು ದಿನಾ ನಿನ್ನ ಗಂಡ ಏನಂದ್ರೂ ಅವಂದ ಖರೆ. ಒಂಬತ್ತನೇ ದಿನಾ ಎಲ್ಲಾ ಸೇರಿಸಿ ಬಡ್ಡಿ ಸಮೇತ ಬೈ."

ನಲವತ್ತೆರಡರಲ್ಲಿ ಆ ಭಾನುವಾರದ್ದೂ ಸೇರಿ ತಪ್ಪಿದ್ದು ನಾಲ್ಕು. ಗುಳಿಗೆ ತನ್ನ ಅವಧಿ ಮುಗಿಸಿ ಮಡಚಿಕೊಂಡಿತು. ಆರು ವಾರ ಬಿಟ್ಟು ಉಸಿರು ಊದಿಸಿ ಪರೀಕ್ಷೆ ಮಾಡಿದರು. ಹುಳ ಇರಲಿಲ್ಲ. ಹುಣ್ಣು ಮಾಯ್ದು ಗುರುತು ಉಳಿದಿತ್ತು.

"ಖಾರ ಹಾಕಲೇನ್ರಿ ಇನ್ನ?" ಎಂದಳು ಕಲ್ಲವ್ವ, ಅದೊಂದೇ ಕೇಳುವುದು ಉಳಿದಿತ್ತು ಎಂಬಂತೆ.

"ಹಾಕವ್ವ. ಮೆಣಸಿನಕಾಯಿ ಏನೂ ತಪ್ಪ ಮಾಡಿದ್ದಿಲ್ಲ."

ಅವರು ಹೋದ ಮೇಲೆ ಮಹಾನಂದಾ ಹಳೇ ಪಟ್ಟಿ ತೆಗೆದಳು. ಮೂರು ವರ್ಷದಲ್ಲಿ ಕೆಂಗನಹಟ್ಟಿ ಪೇಟೆಯಿಂದ ಬಂದು, ಅವಳು 'ಚಟ ಬಿಡದವರು' ಎಂದು ಒತ್ತಿದ ಹೆಸರು ಹನ್ನೊಂದು. ಒಂದೊಂದರ ಚುಕ್ಕೆಯನ್ನೂ ಹಾಳೆಯ ಮೇಲೆ ಇಳಿಸಿದಳು. ಹತ್ತೂವರೆ, ಹನ್ನೆರಡೂವರೆ, ಮೂರು, ಐದು. ಭಾನುವಾರದ ಸಾಲು ಎಲ್ಲದರಲ್ಲೂ ಖಾಲಿ ಇರಲಿಲ್ಲ, ಏಳರಲ್ಲಿ ಖಾಲಿ ಇತ್ತು. ಮೊದಲೇ ಪರದೆ ಬಿಟ್ಟು ಎದ್ದು ಹೋಗಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಹಳ್ಳಿ ತಿರುಗುವಾಗ ಅವಳು ಮಾಡುತ್ತಿದ್ದದ್ದೇ ಅದು. ಕೂತು ಮಾಡುವ ಕೆಲಸದಲ್ಲಿ ಮರೆತುಹೋಗಿತ್ತು.

ಹಾಳೆಗಳನ್ನು ಡಾಕ್ಟರ ಮುಂದೆ ಇಟ್ಟು, "ಇದು ನನ್ನ ತಪ್ಪು. ಬರದು ಕೊಡತೀನಿ," ಎಂದಳು.

ಡಾಕ್ಟರು ಒಂದೊಂದಾಗಿ ತಿರುವಿ ನೋಡಿದರು. "ಪಟ್ಟಿಗೆ ರುಜು ಹಾಕಿದ್ದು ನಾನು," ಎಂದರು. ಇಬ್ಬರೂ ಬರೆದುಕೊಟ್ಟರು. ಎರಡು ಗುಂಡಿಯ ನಡುವೆ ಮೂರನೆಯದೊಂದು ಬಂತು: 'ಹೋಗಿ ಕೇಳಿದೆ'. ಅದನ್ನು ಒತ್ತದೆ ಉಳಿದೆರಡು ತೆರೆಯುವುದಿಲ್ಲ. ಮಹಾನಂದಾಳ ಮೊಣಕಾಲಿಗೆ ಮತ್ತೆ ಬಸ್ಸು ಹತ್ತಿ ಇಳಿಯುವ ಕೆಲಸ ಬಿತ್ತು. ಶಿವಪುತ್ರಪ್ಪ ಎಣ್ಣೆ ಕಾಯಿಸಿ ಕೊಡುತ್ತಾನೆ, ಚಹಾ ಕೊಡುವುದಿಲ್ಲ.

ಹನ್ನೊಂದು ಮಂದಿಯಲ್ಲಿ ಒಬ್ಬ ಊರು ಬಿಟ್ಟಿದ್ದ, ಸಿಗಲಿಲ್ಲ. ಮೂವರ ಅರ್ಧ ಹೊಟ್ಟೆ ಆಗಲೇ ಹೋಗಿತ್ತು. ಆರು ಮಂದಿ ಎರಡನೆಯ ಗುಳಿಗೆ ನುಂಗಿದರು. ಐವರಿಗೆ ವಾಸಿಯಾಯಿತು, ಒಬ್ಬ ನಿಜವಾಗಿಯೂ ಚಟ ಬಿಡಲಾರದೆ ಸೋತ. ದ್ಯಾಮಪ್ಪನನ್ನು ಸೇರಿಸಿದರೆ ಉಳಿದದ್ದು ಆರು ಹೊಟ್ಟೆ. ಆ ಗುಂಡಿಗೆ ಕಳೆದದ್ದು ಮೂರು ಅರ್ಧ ಹೊಟ್ಟೆ, ಮತ್ತು ಐದನೆಯ ಕಲ್ಲಿನ ಮೌಲಾಲಿ.